ತರಗೆಲೆಯಲ್ಲಿ ಮಗುವಿನ ಫೋಟೊ: ಯಾವ ಜಾಗ, ಯಾವ ಹೊತ್ತು, ಯಾವ ಬಟ್ಟೆ, ಯಾವ ಲೆನ್ಸ್?

ಅಕ್ಟೋಬರ್ ಬಂತೆಂದರೆ ನ್ಯೂಜೆರ್ಸಿಯ ನಮ್ಮ ಕನ್ನಡದ ವಾಟ್ಸಾಪ್ ಗುಂಪಿನಲ್ಲಿ ಎರಡೇ ಮಾತು. ದೀಪಾವಳಿ ಊಟಕ್ಕೆ ಯಾರು ಏನು ಮಾಡಿ ತರುತ್ತಾರೆ ಅನ್ನುವುದು ಒಂದು, "ಈ ಸಲ ಫಾಲ್ ಕಲರ್ಸ್ ನೋಡೋಕೆ ಎಲ್ಲಿಗೆ ಹೊರಟ್ರಿ?" ಅನ್ನುವುದು ಇನ್ನೊಂದು. ಬಣ್ಣ ನೋಡುವುದು ನೆಪ. ಕೆಂಪು, ಹಳದಿ ಎಲೆಗಳ ನಡುವೆ ಕೂತು ನಗುವ ಮಗುವಿನ ಒಂದು ಫೋಟೊ ಬೇಕು, ಅದು ಅದೇ ದಿನ ಊರಿನ ಅಜ್ಜ ಅಜ್ಜಿಯ ಫೋನಿಗೆ ಹೋಗಬೇಕು. ಆಸೆ ಇಷ್ಟೇ.

ನಾನು ಆರು ವರ್ಷದಿಂದ ಈ ಫೋಟೊದ ಬೆನ್ನು ಹತ್ತಿದ್ದೇನೆ. ಮಗಳು ಹುಟ್ಟಿದ ವರ್ಷ ಎಲೆಯನ್ನು ಬಾಯಿಗೆ ಹಾಕಿಕೊಂಡಳು, ಮರುವರ್ಷ ಎಲೆ ಕಂಡು ಅತ್ತಳು, ಅದರ ಮರುವರ್ಷ ಕ್ಯಾಮೆರಾ ಕಂಡು ಓಡಿದಳು. ಗೆಳತಿಯರು ಬಂದು ಯಾವ ಲೆನ್ಸ್, ಯಾವ ಪಾರ್ಕ್ ಎಂದು ಕೇಳಿದರೆ ನಾನು ಮೊದಲು ಕೇಳುವುದು "ಮಗು ಎಷ್ಟು ಹೊತ್ತು ತಡೆದುಕೊಳ್ಳುತ್ತೆ?" ಎಂದು. ಮೂರ್ನಾಲ್ಕು ವರ್ಷದ ಮಗುವಾದರೆ ಹದಿನೈದು ನಿಮಿಷ, ಹೆಚ್ಚೆಂದರೆ ಇಪ್ಪತ್ತು. ಕೆಳಗೆ ಹೋಲಿಸಿರುವ ಒಂದೊಂದು ಆಯ್ಕೆಯನ್ನೂ ಆ ಇಪ್ಪತ್ತು ನಿಮಿಷದಲ್ಲಿ ಎಷ್ಟನ್ನು ತಿನ್ನುತ್ತದೆ ಎಂಬ ಲೆಕ್ಕದಲ್ಲೇ ನೋಡಿದ್ದೇನೆ.

ಬೆಟ್ಟವೋ, ಮನೆಯಂಗಳವೋ?

ನ್ಯೂಹ್ಯಾಂಪ್‌ಶೈರ್‌ನ ಕ್ಯಾಂಕಮಾಗಸ್ ಹೆದ್ದಾರಿಯ ಹೆಸರು ಕೇಳದ ದೇಸಿ ಕುಟುಂಬ ಈ ಕಡೆ ಇರಲಿಕ್ಕಿಲ್ಲ. ಲಿಂಕನ್ ಊರಿನಿಂದ ಕಾನ್ವೇವರೆಗೆ ಸುಮಾರು 34 ಮೈಲಿ, ಎರಡೂ ಬದಿಗೆ ವೈಟ್ ಮೌಂಟನ್ಸ್ ಕಾಡು. ಬಣ್ಣ ಏರುವುದು ಸಾಮಾನ್ಯವಾಗಿ ಅಕ್ಟೋಬರ್ ಮೊದಲ ಎರಡು ವಾರಗಳಲ್ಲಿ. ನೋಡಲು ಅದ್ಭುತವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಲ್ಲಿಂದ ಆರು ತಾಸಿನ ದಾರಿ. ಮಗಳಿಗೆ ಮೂರು ವರ್ಷವಿದ್ದಾಗ ಹೋಗಿದ್ದೆವು. ತಿರುವುಗಳಲ್ಲಿ ಅವಳು ತಿಂದದ್ದನ್ನೆಲ್ಲ ಕಕ್ಕಿದಳು. ಗಾಡಿ ನಿಲ್ಲಿಸುವ ಜಾಗಗಳೆಲ್ಲ ತುಂಬಿದ್ದವು. ಕೊನೆಗೊಂದು ಕಡೆ ನಿಲ್ಲಿಸಿದಾಗ ಅವಳು ನಿದ್ದೆಯಲ್ಲಿದ್ದಳು, ಎಬ್ಬಿಸಿದ್ದಕ್ಕೆ ಸಿಟ್ಟು. ಅವತ್ತು ತೆಗೆದ 200 ಚಿಲ್ಲರೆ ಫೋಟೊಗಳಲ್ಲಿ ಬೆಟ್ಟ ಚೆನ್ನಾಗಿದೆ, ಹೊಳೆ ಚೆನ್ನಾಗಿದೆ, ನಮ್ಮ ಯಜಮಾನರೂ ಒಂದೆರಡರಲ್ಲಿ ಪರವಾಗಿಲ್ಲ. ಮಗಳು ಎಲ್ಲದರಲ್ಲೂ ನಾಲಿಗೆ ಚಾಚಿದ್ದಾಳೆ.

ಇನ್ನೊಂದು ಮಾತು ಆಮೇಲೆ ಹೊಳೆಯಿತು. ಬೆಟ್ಟದ ಬಣ್ಣ ದೂರದಿಂದ ನೋಡುವ ಬಣ್ಣ. ಅದನ್ನು ಹಿಡಿಯಲು ಹಿಂದಕ್ಕೆ ಸರಿದರೆ ಮಗು ಕಡಲೆಕಾಳಿನಷ್ಟಾಗುತ್ತದೆ. ಮಗುವಿನ ಹತ್ತಿರ ಹೋದರೆ ಬೆಟ್ಟ ಮಸುಕು. ಮಗುವಿನ ಫೋಟೊಕ್ಕೆ ಬೇಕಾದದ್ದು ಅವಳ ಕೈಗೆ ಸಿಗುವ ಎಲೆ, ಕಾಲಡಿ ಚರಚರ ಅನ್ನುವ ಎಲೆ. ಅದಕ್ಕೆ ಒಂದು ಮರ ಸಾಕು.

ಆ ಒಂದು ಮರ ಯಾವುದು ಎಂಬುದರ ಮೇಲೆ ಮಾತ್ರ ನಿಗಾ ಇಡಿ. ಶುಗರ್ ಮೇಪಲ್ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಅದರ ಬುಡದಲ್ಲಿ ದೀಪ ಹಚ್ಚಿಟ್ಟ ಹಾಗಿರುತ್ತದೆ. ನಾರ್ವೆ ಮೇಪಲ್ ತಡವಾಗಿ ಹಳದಿಯಾಗುತ್ತದೆ, ಉಳಿದವು ಬೋಳಾದ ಮೇಲೂ ಇರುತ್ತದೆ. ನಮ್ಮ ಬೀದಿಯಲ್ಲಿ ಇದೇ ಹೆಚ್ಚು. ಓಕ್ ಎಲೆ ಕಂದು. ನೋಡಲು ಸಪ್ಪೆ ಅನ್ನಿಸಿದರೂ ಒಣಗಿದ ಓಕ್ ಎಲೆಯಷ್ಟು ಸದ್ದು ಬೇರೆ ಯಾವುದೂ ಮಾಡದು, ಮಕ್ಕಳಿಗೆ ಸದ್ದೇ ಮುಖ್ಯ. ಗಿಂಕೊ ಮರದ ಸಂಗತಿಯೇ ಬೇರೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಬಿದ್ದ ರಾತ್ರಿಯ ಬೆನ್ನಿಗೇ, ಹೆಚ್ಚುಕಡಿಮೆ ಒಂದೇ ದಿನದಲ್ಲಿ, ಬೀಸಣಿಗೆಯಂಥ ಹಳದಿ ಎಲೆಯನ್ನೆಲ್ಲ ಸುರಿದುಬಿಡುತ್ತದೆ. ನೆಲ ಅರಿಶಿನ ಚೆಲ್ಲಿದಂತೆ. ಸಿಕ್ಕರೆ ಬಿಡಬೇಡಿ, ಆದರೆ ಅದು ಹೆಣ್ಣು ಮರವಾಗಿದ್ದರೆ ಕೆಳಗೆ ಬಿದ್ದ ಬೀಜಗಳ ವಾಸನೆಗೆ ಮಗು ಮೂಗು ಮುಚ್ಚಿಕೊಂಡೇ ಪೋಸ್ ಕೊಡಬೇಕಾದೀತು.

ಎಲೆಯಲ್ಲಿ ಹಳದಿ ಮೊದಲಿನಿಂದಲೂ ಇರುತ್ತದೆ. ಹಸಿರಿನ ಕ್ಲೋರೊಫಿಲ್ ಕರಗಿದಾಗ ಅಡಗಿದ್ದು ಹೊರಗೆ ಕಾಣುತ್ತದೆ, ಅಷ್ಟೇ. ಮೇಪಲ್‌ನ ಕೆಂಪು ಹಾಗಲ್ಲ, ಅದು ಆ ಋತುವಿನಲ್ಲೇ ಹೊಸದಾಗಿ ತಯಾರಾಗುವ ಆಂಥೊಸಯನಿನ್. ಬಿಸಿಲಿನ ಹಗಲು, ಹೆಪ್ಪುಗಟ್ಟದಷ್ಟು ತಣ್ಣಗಿನ ರಾತ್ರಿ ಒಟ್ಟಿಗೆ ಬಂದ ವರ್ಷ ಕೆಂಪು ಜೋರು. ಹಾಗಾಗಿ ಹಳದಿ ಮರವನ್ನು ನಂಬಬಹುದು, ಕೆಂಪು ಮರ ಒಂದು ವರ್ಷ ಕೈಕೊಡುತ್ತದೆ. ಕಳೆದ ವರ್ಷ ಚೆನ್ನಾಗಿತ್ತೆಂದು ಅದೇ ಮರದ ಕೆಳಗೆ ನಿಂತು ಪೆಚ್ಚಾದವರಲ್ಲಿ ನಾನೂ ಒಬ್ಬಳು.

ಬೆಟ್ಟಕ್ಕೂ ಮನೆಯಂಗಳಕ್ಕೂ ನಡುವಿನ ಆಯ್ಕೆ ಊರಿನ ಪಾರ್ಕು. ಹತ್ತು ನಿಮಿಷದ ದಾರಿಯಾದರೆ ಸರಿ. ಜಾರುಬಂಡೆ, ಉಯ್ಯಾಲೆ ಕಾಣದ ಬಾಗಿಲಿಂದ ಒಳಗೆ ಹೋಗಿ. ಒಮ್ಮೆ ಕಣ್ಣಿಗೆ ಬಿತ್ತೋ, ಫೋಟೊ ಮುಗಿಯಿತು.

ಬಿಸಿಲೋ, ಮೋಡವೋ?

ಒಂದು ಮಾತು ಮಾತ್ರ ಕಡ್ಡಾಯ: ನಡುಹಗಲು ಮರದ ಕೆಳಗೆ ಬೇಡ. ಎಲೆಗಳ ಸಂದಿಯಿಂದ ಇಳಿದ ಬಿಸಿಲು ಮುಖದ ಮೇಲೆ ಚುಕ್ಕೆಚುಕ್ಕೆಯಾಗಿ ಬೀಳುತ್ತದೆ. ಮೂಗಿನ ತುದಿ ಬಿಳಿ, ಕಣ್ಣು ಕತ್ತಲು. ಜೊತೆಗೆ ಹಳದಿ ಎಲೆಗಳ ಮೂಲಕ ಬಂದ ಬೆಳಕು ಕಾಮಾಲೆಯ ಬಣ್ಣ ಹಚ್ಚುತ್ತದೆ. ಇದನ್ನು ಯಾವ ಆ್ಯಪೂ ಪೂರ್ತಿ ಸರಿಮಾಡಲಾರದು. ಅದೇ ಹೊತ್ತಿನಲ್ಲಿ ತೆಗೆಯಲೇಬೇಕಾದರೆ ಮರದಿಂದ ಹೊರಗೆ ಬಂದು ಮನೆಯ ನೆರಳಲ್ಲಿ ಕೂರಿಸಿ, ಮರ ಹಿಂದೆ ಇರಲಿ.

ಉಳಿದದ್ದು ಸಂಜೆಯ ಇಳಿಬಿಸಿಲು ಮತ್ತು ಮೋಡ. ಸುಂದರವಾದದ್ದು ಇಳಿಬಿಸಿಲೇ. ಮಗುವಿನ ಬೆನ್ನಿಗೆ ಸೂರ್ಯ ಬಂದರೆ ಒಂದೊಂದು ಎಲೆಯೂ ಒಳಗಿನಿಂದ ಹೊತ್ತಿಕೊಂಡಂತೆ ಕಾಣುತ್ತದೆ, ಕೂದಲ ಅಂಚಿಗೆ ಚಿನ್ನದ ಗೆರೆ ಬರುತ್ತದೆ. ಆದರೆ ಕ್ಯಾಮೆರಾ ಆ ಹೊಳಪಿಗೆ ಹೆದರಿ ಇಡೀ ಚಿತ್ರವನ್ನು ಕತ್ತಲು ಮಾಡುತ್ತದೆ. ನಮ್ಮ ಮಕ್ಕಳ ಗೋಧಿ ಬಣ್ಣ, ಎಣ್ಣೆಗೆಂಪು ಬಣ್ಣ ಹಳದಿ ಎಲೆಯ ಎದುರು ಇನ್ನಷ್ಟು ಕಂದುತ್ತದೆ. ಬಿಳಿ ಚರ್ಮದ ಮಕ್ಕಳನ್ನಿಟ್ಟುಕೊಂಡು ಹೇಳುವ ಪಾಠಗಳಲ್ಲಿ ಈ ತೊಂದರೆಯ ಮಾತು ಬರುವುದೇ ಕಡಿಮೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಅನ್ನು ಪ್ಲಸ್ 1ರ ಆಸುಪಾಸಿಗೆ ಏರಿಸಿ. ಫೋನಾದರೆ ಮುಖದ ಮೇಲೆ ಬೆರಳಿಟ್ಟು ಒತ್ತಿಹಿಡಿದು, ಪಕ್ಕದಲ್ಲಿ ಕಾಣುವ ಪುಟ್ಟ ಸೂರ್ಯನನ್ನು ಮೇಲಕ್ಕೆಳೆಯಿರಿ. ಹಿಂದಿನ ಆಕಾಶ ಬೆಳ್ಳಗಾದರೆ ಆಗಲಿ, ಮುಖ ಉಳಿಯಬೇಕು.

ಮೋಡದ ದಿನ ಇಷ್ಟು ತಲೆನೋವಿಲ್ಲ. ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬರುತ್ತದೆ, ಮಗು ಯಾವ ದಿಕ್ಕಿಗೆ ಓಡಿದರೂ ಮುಖ ಒಂದೇ ಥರ. ಮಳೆ ನಿಂತ ಮೇಲಿನ ಎಲೆಯ ಬಣ್ಣ ಬಿಸಿಲಿನಲ್ಲಿ ಕಾಣುವುದಕ್ಕಿಂತ ಗಾಢ. ಎಡವುವುದು ಒಂದೇ ಕಡೆ: ಬಣ್ಣವನ್ನು ತಾನೇ ಸರಿದೂಗಿಸಲು ಹೋಗುವ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್. ಚೌಕಟ್ಟಿನ ತುಂಬ ಕಿತ್ತಳೆ ಕಂಡಾಗ ಅದು ಏನೋ ತಪ್ಪಾಗಿದೆ ಎಂದುಕೊಂಡು ನೀಲಿ ಬೆರೆಸುತ್ತದೆ, ನೀವು ನೋಡಿದ ಬಣ್ಣ ಫೋಟೊದಲ್ಲಿ ಇರುವುದಿಲ್ಲ. 'ಕ್ಲೌಡಿ'ಗೆ ಇಟ್ಟುಬಿಡಿ.

ಎರಡು ವರ್ಷದೊಳಗಿನ ಮಗುವಾದರೆ, ಅಥವಾ ಕ್ಯಾಮೆರಾ ಕೈಗೆ ಹೊಸದಾದರೆ, ಮೋಡದ ದಿನ ಆರಿಸಿಕೊಳ್ಳಿ. ಸ್ವಲ್ಪ ದೊಡ್ಡ ಮಗುವಾದರೆ ಇಳಿಬಿಸಿಲಿಗೆ ಕಾಯಿರಿ. ಅದಕ್ಕೊಂದು ಉಪಾಯವಿದೆ. ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಒಂದು ತಾಸು ಹಿಂದೆ ಹೋಗುತ್ತದಲ್ಲ, ಅದನ್ನು ಎಲ್ಲರೂ ಶಪಿಸುತ್ತಾರೆ. ನನಗದು ವರ. ಅದರ ಮರುದಿನದಿಂದ ನಮ್ಮಲ್ಲಿ ಸೂರ್ಯ ಮುಳುಗುವುದು ಐದಕ್ಕೆ ಹತ್ತು ನಿಮಿಷ ಮೊದಲು. ಶಾಲೆಯ ಹಳದಿ ಬಸ್ಸು ಮೂರೂಮುಕ್ಕಾಲಿಗೆ ಮಗಳನ್ನು ಇಳಿಸುವ ಹೊತ್ತಿಗೆ ಬೀದಿಯಲ್ಲಿ ಬಂಗಾರದ ಬಿಸಿಲು. ಒಂದು ಬಾಳೆಹಣ್ಣು, ಒಂದು ಲೋಟ ಹಾಲು, ಅಂಗಳ. ಶನಿವಾರ ಹಾಳಾಗುವುದಿಲ್ಲ, ಕಾರು ಹತ್ತಬೇಕಿಲ್ಲ.

ರೇಷ್ಮೆ ಲಂಗವೋ, ಸ್ವೆಟರೋ?

ದೀಪಾವಳಿಗೂ ಎಲೆಗೂ ಪ್ರತಿ ವರ್ಷ ಓಟದ ಪಂದ್ಯ. 2023ರಲ್ಲಿ ಹಬ್ಬ ನವೆಂಬರ್ 12ಕ್ಕೆ, ನಮ್ಮಲ್ಲಿ ಎಲೆಯೆಲ್ಲ ನೆಲಕ್ಕೆ ಬಂದಿತ್ತು. 2024ರಲ್ಲಿ ಅಕ್ಟೋಬರ್ 31, ಹೇಳಿ ಮಾಡಿಸಿದ ಹಾಗೆ ಬಣ್ಣ. 2025ರಲ್ಲಿ ಅಕ್ಟೋಬರ್ 20, ಇನ್ನೂ ಅರ್ಧ ಹಸಿರು. 2026ರಲ್ಲಿ ನವೆಂಬರ್ 8. ಹಬ್ಬದ ಬಟ್ಟೆಯ ಫೋಟೊ ಹಬ್ಬದ ದಿನವೇ ಆಗಬೇಕೆಂದು ಯಾರೂ ಹೇಳಿಲ್ಲ. ಎಲೆ ನೋಡಿ ದಿನ ಇಟ್ಟುಕೊಳ್ಳಿ.

ಜರಿ ಲಂಗಕ್ಕೆ ಇಳಿಬಿಸಿಲಿನಲ್ಲಿ ಬರುವ ಹೊಳಪು ಸ್ವೆಟರಿಗೆ ಎಂದೂ ಬಾರದು. ಆದರೆ ಬಣ್ಣ ನೋಡಿ ಆರಿಸಿ. ಊರಿನಿಂದ ಬರುವ ಮಕ್ಕಳ ಲಂಗ ಹೆಚ್ಚಾಗಿ ಕೆಂಪು, ಅರಿಶಿನ, ಕಿತ್ತಳೆ. ಎಲೆಯ ಬಣ್ಣವೂ ಅದೇ. ಕುಂಕುಮ ಕೆಂಪಿನ ಲಂಗ ಉಟ್ಟು ಕೆಂಪು ಮೇಪಲ್ ಎಲೆಯಲ್ಲಿ ಕೂತ ಮಗಳ ಫೋಟೊ ಒಂದು ನನ್ನ ಹತ್ತಿರ ಇದೆ: ಎಲೆ ರಾಶಿಯ ಮೇಲೊಂದು ತಲೆ, ಎರಡು ಕೈ. ನವಿಲು ನೀಲಿ, ರಾಮಾ ಗ್ರೀನ್, ನೇರಳೆ, ಇವು ಎದ್ದು ಕಾಣುತ್ತವೆ. ಹಾಲುಕೆನೆ ಬಣ್ಣವೂ ಚೆನ್ನ, ಎಲೆಯ ಬಣ್ಣವನ್ನು ಮುಖದ ಮೇಲೆ ಹಾಯಲು ಬಿಡದೆ ಒಂದಿಷ್ಟು ಬೆಳಕು ತಾನೇ ಕೊಡುತ್ತದೆ. ಹೊಳೆಯುವ ಗುಲಾಬಿ ಜಾಕೆಟ್ ಮಾತ್ರ ಬೇಡ, ಗಲ್ಲದ ಕೆಳಗೆಲ್ಲ ಗುಲಾಬಿ ಹತ್ತುತ್ತದೆ.

ಲಂಗದ ಕಷ್ಟಗಳೂ ಇವೆ. ಒಣ ಎಲೆಯ ತೊಟ್ಟು ಜರಿ ಅಂಚಿಗೆ ಸಿಕ್ಕಿಕೊಂಡು ಎಳೆ ಕೀಳುತ್ತದೆ. ಒದ್ದೆ ಎಲೆಯ ಚೊಗರು ರೇಷ್ಮೆಗೆ ಕಲೆ ಹಿಡಿಸುತ್ತದೆ, ಓಕ್ ಎಲೆಯಂತೂ ಸಿಮೆಂಟಿನ ಮೇಲೂ ಗುರುತು ಬಿಡುತ್ತದೆ. ಅದಕ್ಕೇ ನಾನು ಕಸದ ದೊಡ್ಡ ಕರಿಚೀಲವೊಂದನ್ನು ಕತ್ತರಿಸಿ ಹಾಸಿ, ಮೇಲೆ ಒಣಗಿದ ಎಲೆ ಹರಡಿ, ಅದರ ಮೇಲೆ ಕೂರಿಸುತ್ತೇನೆ. ನವೆಂಬರ್ ಸಂಜೆಯ ಚಳಿಗೆ ಲಂಗದೊಳಗೆ ಥರ್ಮಲ್ ಬೇಕೇ ಬೇಕು. ಮೂಗು ಸೋರಲು ಶುರುವಾದರೆ ಇಪ್ಪತ್ತು ನಿಮಿಷ ಎಂಟಕ್ಕಿಳಿಯುತ್ತದೆ. ಹಾಗಾಗಿ ಕೂತು ತೆಗೆಯುವ ಫೋಟೊಕ್ಕೆ ಲಂಗ. ಎಲೆ ರಾಶಿಗೆ ಹಾರುವ, ಓಡುವ ಫೋಟೊಕ್ಕೆ ನೀಲಿ ಸ್ವೆಟರ್, ಜೀನ್ಸ್. ಎರಡೂ ಬೇಕಾದರೆ ಲಂಗ ಮೊದಲು. ಒಮ್ಮೆ ರಾಶಿಗೆ ಹಾರಿದ ಮಗುವಿಗೆ ಲಂಗ ಉಡಿಸಿ ನೋಡಿ, ಗೊತ್ತಾಗುತ್ತದೆ.

ಫೋನೋ, ಕ್ಯಾಮೆರಾವೋ? ಯಾವ ಲೆನ್ಸ್?

ಎಲೆಯಲ್ಲಿ ಕೂತು ನಗುವ ಮಗುವಿಗೆ ಇವತ್ತಿನ ಒಳ್ಳೆಯ ಫೋನ್ ಧಾರಾಳವಾಗಿ ಸಾಕು. 2ಎಕ್ಸ್ ಅಥವಾ 3ಎಕ್ಸ್ ಒತ್ತಿ ಎರಡು ಹೆಜ್ಜೆ ಹಿಂದೆ ಸರಿಯಿರಿ, 1ಎಕ್ಸ್‌ನಲ್ಲಿ ಹತ್ತಿರ ಹೋದರೆ ಮೂಗು ಉಬ್ಬುತ್ತದೆ. ಪೋರ್ಟ್ರೇಟ್ ಮೋಡ್ ನನಗೆ ಇಲ್ಲಿ ಸೇರದು. ಯಾವ ಎಲೆ ಮುಂದಿದೆ, ಯಾವುದು ಹಿಂದಿದೆ ಎಂದು ಊಹಿಸುವಾಗ ಅದಕ್ಕೆ ಗೊಂದಲವಾಗುತ್ತದೆ: ಕೈಯಲ್ಲಿ ಹಿಡಿದ ಎಲೆಯ ಅರ್ಧ ನುಂಗುತ್ತದೆ, ಹಾರಾಡುವ ಕೂದಲನ್ನು ಕತ್ತರಿಸುತ್ತದೆ.

ಓಡುವ ಮಗುವಿಗೆ, ಎಲೆ ತೂರುವ ಆಟಕ್ಕೆ ಕ್ಯಾಮೆರಾವೇ ಮೇಲು. ಶಟರ್ ವೇಗ 1/500 ಸೆಕೆಂಡಿಗಿಂತ ಇಳಿಯಬಾರದು. ಎಲೆ ಗಾಳಿಯಲ್ಲಿ ನಿಂತಂತೆ ಕಾಣಬೇಕಾದರೆ 1/800, 1/1000. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್ 2.8 (ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಎಫ್ 1.4 ಲೆನ್ಸಿಗೆ ದುಡ್ಡು ಕೊಟ್ಟಿದ್ದೇನೆ ಎಂದು ಅಷ್ಟಕ್ಕೇ ತೆರೆದರೆ ಒಂದು ಕಣ್ಣು ಚೂಪು, ಇನ್ನೊಂದು ಮಸುಕು. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಏರಿದರೆ ಏರಲಿ. ಕಾಳುಕಾಳಾದ ಫೋಟೊವನ್ನು ಅಜ್ಜಿ ದೂರುವುದಿಲ್ಲ, ಅಲುಗಿದ್ದನ್ನು ದೂರುತ್ತಾರೆ.

ಲೆನ್ಸಿನ ಜಗಳ ಮೂರರ ನಡುವೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ ಕ್ಯಾಮೆರಾ) ಲೆಕ್ಕದಲ್ಲಿ 85 ಎಂಎಂ ಹಿಂದಿನ ಎಲೆಗಳನ್ನೆಲ್ಲ ಬಣ್ಣದ ಓಕುಳಿ ಮಾಡುತ್ತದೆ, ಮುಖ ಮುದ್ದಾಗಿ ಬರುತ್ತದೆ. ಆದರೆ ನೀವು ಮಗುವಿನಿಂದ ಅಷ್ಟು ದೂರ ನಿಂತಿರುತ್ತೀರಿ, ಕೂಗಿ ಮಾತಾಡಬೇಕು, ಎಲೆ ಬಾಯಿಗೆ ಹೋದರೆ ತಲುಪುವಷ್ಟರಲ್ಲಿ ನುಂಗಿರುತ್ತದೆ. ಇಬ್ಬರು ದೊಡ್ಡವರಿದ್ದಾಗ, ಮಗು ನಿಮ್ಮ ಕಡೆಗೆ ಓಡಿ ಬರುವಾಗ ಇದೇ ಸರಿ. 35 ಎಂಎಂ ಆದರೆ ನೀವೂ ರಾಶಿಯ ಒಳಗೇ ಕೂತಿರುತ್ತೀರಿ. ಮುಂದಿನ ಎಲೆ ಅಂಗೈಯಗಲ ಕಾಣುತ್ತದೆ, ಅದರಾಚೆ ಮಗುವಿನ ನಗು. ಒಬ್ಬಳೇ ಇದ್ದಾಗ ನಾನು ಹಾಕುವುದು ಇದನ್ನೇ. 50 ಎರಡಕ್ಕೂ ಮಧ್ಯಸ್ಥ. ಒಂದೇ ಲೆನ್ಸ್ ಕೊಳ್ಳುವುದಾದರೆ ಅದು, ಬೆಲೆಯೂ ಕಡಿಮೆ. ಕ್ಯಾಮೆರಾದ ಸೆನ್ಸರ್ ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಆಗಿದ್ದರೆ ಅದೇ 50 ಸುಮಾರು 75–80ರಂತೆ ವರ್ತಿಸುತ್ತದೆ, ಆಗ 35 ಕೊಳ್ಳಿ.

ಪೋಲರೈಸರ್ ಫಿಲ್ಟರ್ ಒದ್ದೆ ಎಲೆಯ ಮಿಂಚನ್ನು ಒರೆಸಿ ಬಣ್ಣ ಹೊರಗೆ ತರುತ್ತದೆ ನಿಜ. ಆದರೆ ಒಂದೆರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕಿಳಿದಂತೆ). ಹೊಳೆ, ಕಾಡು ತೆಗೆಯುವವರಿಗೆ ಬಿಟ್ಟುಕೊಡಿ.

ಯಾವ ಲೆನ್ಸಾದರೂ ಸರಿ, ನೀವು ನೆಲಕ್ಕೆ ಇಳಿಯಬೇಕು. ನಿಂತು ತೆಗೆದರೆ ಹಿಂದೆ ಬರುವುದು ಹುಲ್ಲು. ಹೊಟ್ಟೆಯ ಮೇಲೆ ಮಲಗಿದರೆ ಮುಂದೆ ಎಲೆ, ಹಿಂದೆ ಮರ, ನಡುವೆ ಮಗು. ಹಳೆಯ ಪ್ಯಾಂಟು ಹಾಕಿಕೊಳ್ಳಿ.

ಪೋಸೋ, ಆಟವೋ?

"ಸ್ಮೈಲ್ ಮಾಡು ಪುಟ್ಟಿ" ಅಂದರೆ ಬರುವ ನಗು ನಿಮಗೂ ಗೊತ್ತು. ಹಲ್ಲು ಕಾಣುತ್ತದೆ, ಕಣ್ಣಿಗೆ ಸಂಬಂಧವಿಲ್ಲ. ನಾನು ಕೆಲಸ ಕೊಡುತ್ತೇನೆ: "ನಿನ್ನ ಮುಖಕ್ಕಿಂತ ದೊಡ್ಡ ಎಲೆ ಸಿಗುತ್ತಾ ನೋಡು." ಸಿಕಮೋರ್ ಮರದ ಬುಡದಲ್ಲಿ ಅಂಥದ್ದು ಸಿಕ್ಕೇ ಸಿಗುತ್ತದೆ. ಹುಡುಕುವಾಗಿನ ಗಂಭೀರ ಮುಖ ಒಂದು ಫೋಟೊ. ಮುಖಕ್ಕೆ ಹಿಡಿದು ಅಳೆಯುವಾಗ ಎಲೆಯಾಚೆಯಿಂದ ಇಣುಕುವ ಒಂದು ಕಣ್ಣು ಇನ್ನೊಂದು. "ನಂದು ದೊಡ್ಡದು!" ಎಂದು ಎತ್ತಿ ತೋರಿಸುವಾಗ ಬರುವ ನಗು ಮೂರನೆಯದು.

ಎಲೆ ತೂರುವ ಫೋಟೊ ಎಲ್ಲರಿಗೂ ಬೇಕು, ಎಲ್ಲರದ್ದೂ ಕೆಡುತ್ತದೆ. ಮಗುವೇ ತೂರಿದರೆ ಎತ್ತಿದ ಕೈ ಮುಖ ಮುಚ್ಚುತ್ತದೆ, ಎಲೆ ಮುಂದಕ್ಕೆ ಬಿದ್ದು ಫೋಕಸ್ ಅದಕ್ಕೆ ಹೋಗುತ್ತದೆ. ಇನ್ನೊಬ್ಬರು ಚೌಕಟ್ಟಿನ ಹೊರಗೆ, ಮಗುವಿನ ಪಕ್ಕಕ್ಕೆ ನಿಂತು ತಲೆಯ ಮೇಲಿಂದ ಸುರಿಯಲಿ. ಎಲೆ ಒಣಗಿರಬೇಕು, ಒದ್ದೆಯಾದದ್ದು ಮುದ್ದೆಯಾಗಿ ಬೀಳುತ್ತದೆ. ಕಣ್ಣು ಹಿಡಿಯುವ ಆಟೊಫೋಕಸ್ ಇದ್ದರೆ ಹಾಕಿ, ಇಲ್ಲವಾದರೆ ಮೊದಲೇ ಮುಖಕ್ಕೆ ಫೋಕಸ್ ಕಟ್ಟಿಡಿ. ಎಲೆ ಕೈಬಿಡುವ ಮೊದಲೇ ಒತ್ತಲು ಶುರುಮಾಡಿ, ಕೊನೆಯ ಎಲೆ ನೆಲ ಮುಟ್ಟಿದ ಮೇಲೂ ಎರಡು ಸೆಕೆಂಡ್ ಬೆರಳು ತೆಗೆಯಬೇಡಿ. ಬೀಳುವಾಗ ಮಕ್ಕಳು ಕಣ್ಣು ಮುಚ್ಚಿರುತ್ತಾರೆ. ಬಿದ್ದು ಮುಗಿದ ಮೇಲೆ, ಕೂದಲಲ್ಲಿ ಒಂದೆಲೆ ಸಿಕ್ಕಿಕೊಂಡಿರುವಾಗ, "ಇನ್ನೊಂದ್ಸಲ!" ಅನ್ನುತ್ತಾರಲ್ಲ, ನನ್ನ ಗೋಡೆಯ ಮೇಲಿರುವುದು ಆ ಫೋಟೊ.

ಫೋಟೊಗ್ರಾಫರನ್ನೇ ಕರೆದರೆ? ಅಕ್ಟೋಬರ್‌ನಲ್ಲಿ ಹದಿನೈದು, ಇಪ್ಪತ್ತು ನಿಮಿಷದ 'ಮಿನಿ ಸೆಷನ್'ಗಳು ಎಲ್ಲ ಕಡೆ ಸಿಗುತ್ತವೆ. ಅಪ್ಪ ಅಮ್ಮನೂ ಫೋಟೊದಲ್ಲಿರಬೇಕು ಅನ್ನುವವರಿಗೆ ದುಡ್ಡಿಗೆ ಮೋಸವಿಲ್ಲ. ಹೊಸಬರ ಎದುರು ಮುದುರಿಕೊಳ್ಳುವ ಮಗುವಾದರೆ ಬೇಡ. ಸಮಯ ನಿಮ್ಮದು, ಮೂಡು ಮಗುವಿನದು.

ಬೆಂಗಳೂರಿನಲ್ಲಿರುವ ಅಕ್ಕ ಕೇಳುತ್ತಿರುತ್ತಾಳೆ, ನಮಗೇನು ಗತಿ ಎಂದು. ಅಲ್ಲಿ ಎಲೆ ಉದುರುವುದು ಶರದೃತುವಿನಲ್ಲಲ್ಲ, ಶಿಶಿರದಲ್ಲಿ. ಜನವರಿ, ಫೆಬ್ರವರಿಯಲ್ಲಿ ಕಾಡುಬಾದಾಮಿಯ ಎಲೆ ಉದುರುವ ಮೊದಲು ಯಾವ ಮೇಪಲ್‌ಗೂ ಕಡಿಮೆಯಿಲ್ಲದ ಕೆಂಪಾಗುತ್ತದೆ, ಗಾತ್ರದಲ್ಲೂ ಮಗುವಿನ ಮುಖ ಮುಚ್ಚುವಷ್ಟಿರುತ್ತದೆ. ಒಂದು ಶಾಲೆಯ ಕಾಂಪೌಂಡಿನಲ್ಲೋ ಬಡಾವಣೆಯ ಪಾರ್ಕಿನಲ್ಲೋ ಆ ಮರ ಇದ್ದೇ ಇರುತ್ತದೆ.

ರಾಶಿಗೆ ಹಾರುವ ಮೊದಲು

ನಮ್ಮಮ್ಮ ಸೊರಬದ ಕಡೆಯವರು. ಮೊದಲ ಸಲ ಇಲ್ಲಿಗೆ ಬಂದಾಗ ಎಲೆ ರಾಶಿಗೆ ಬೀಳಲು ಹೊರಟ ಮೊಮ್ಮಗಳ ರಟ್ಟೆ ಹಿಡಿದು ನಿಲ್ಲಿಸಿದರು. "ದರಕಿನಲ್ಲಿ ಉಣುಗು ಇರ್ತದೆ ಕಣೇ, ಮಗೂನ ಅದರೊಳಗೆ ಬಿಡ್ತೀಯಾ?" ದರಕು ಅಂದರೆ ತರಗೆಲೆ, ಉಣುಗು ಅಂದರೆ ರಕ್ತ ಹೀರುವ ಉಣ್ಣೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆಗೆ ಕ್ಯಾಸನೂರು ಕಾಡಿನ ಹೆಸರು ಬಂದದ್ದು 1957ರಲ್ಲಿ, ಅದೇ ತಾಲ್ಲೂಕಿನಲ್ಲಿ. ಕೊಟ್ಟಿಗೆಗೆ ದರಕು ಗುಡಿಸಲು ಕಾಡಿಗೆ ಹೋಗುವವರಿಗೆ ಉಣುಗಿನ ಭಯ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು "ಅಮೆರಿಕದಲ್ಲಿ ಅದೆಲ್ಲ ಇಲ್ಲಮ್ಮ" ಅಂದೆ. ತಪ್ಪು ನನ್ನದೇ. ಕಾಯಿಲೆ ಬೇರೆ, ಉಣುಗು ಇಲ್ಲೂ ಇದೆ. ಜಿಂಕೆ ಉಣುಗಿನಿಂದ ಹರಡುವ ಲೈಮ್ ಕಾಯಿಲೆಗೆ ಹೆಸರು ಕೊಟ್ಟ ಊರು ಹತ್ತಿರದ ಕನೆಕ್ಟಿಕಟ್‌ನಲ್ಲಿದೆ, ಬೆಳೆದ ಉಣುಗು ಚುರುಕಾಗಿರುವುದೂ ಅಕ್ಟೋಬರ್, ನವೆಂಬರ್‌ನಲ್ಲೇ.

ಹಾಗಾಗಿ ರಾಶಿ ಯಾವುದಿರಬೇಕು ಎಂಬುದೂ ಒಂದು ಆಯ್ಕೆ. ಕಾಡಿನಂಚಿನಲ್ಲಿ ವಾರಗಟ್ಟಲೆ ಕೊಳೆತದ್ದು ಬೇಡ, ಅಂಗಳದ ನಡುವೆ ಅವತ್ತೇ ಗುಡಿಸಿದ್ದು ಇರಲಿ. ಟೌನಿನ ಲಾರಿ ಒಯ್ಯಲೆಂದು ರಸ್ತೆಯಂಚಿಗೆ ಒಟ್ಟಿದ ರಾಶಿ ಎಷ್ಟೇ ಚೆಂದವಿದ್ದರೂ ಬೇಡವೇ ಬೇಡ. ಒಳಗೆ ಮಗು ಅಡಗಿದ್ದರೆ ಕಾರು ಓಡಿಸುವವರಿಗೆ ಕಾಣುವುದಿಲ್ಲ. ಮರಕ್ಕೆ ಹಬ್ಬಿದ, ಮೂರು ಮೂರು ಎಲೆಯ, ಕಣ್ಣು ಕುಕ್ಕುವ ಕೆಂಪು ಬಳ್ಳಿ ಕಂಡರೆ ದೂರ ನಿಲ್ಲಿ. ಅದು ಪಾಯ್ಸನ್ ಐವಿ, ಮುಟ್ಟಿದರೆ ಮೈಯೆಲ್ಲ ತುರಿಕೆ.

ಒಳಗೆ ಬಂದ ಮೇಲೆ ಬಟ್ಟೆಯನ್ನು ಡ್ರೈಯರಿನಲ್ಲಿ ಹೆಚ್ಚು ಬಿಸಿಗೆ ಹತ್ತು ನಿಮಿಷ ತಿರುಗಿಸಿ. ರೇಷ್ಮೆಯಾದರೆ ಹೊರಗೇ ಜಾಡಿಸಿ, ಹೊಲಿಗೆ ಹೊಲಿಗೆ ನೋಡಿ. ಮಗುವಿನ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಬದಿ, ಕೂದಲ ಬುಡ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರಕ್ಕೆ ಎಳೆಯಿರಿ. ಲೈಮ್ ತಗಲಲು ಸಾಮಾನ್ಯವಾಗಿ ಅದು ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿರಬೇಕು, ಅವತ್ತೇ ನೋಡಿದರೆ ಗಾಬರಿಯಿಲ್ಲ.

ನಮ್ಮಲ್ಲಿ ಈ ಕೆಲಸ ಅಮ್ಮನದು. ವೀಡಿಯೊ ಕಾಲ್ ಹಚ್ಚಿ ಬಚ್ಚಲ ಸ್ಟೂಲಿನ ಮೇಲೆ ಫೋನ್ ನಿಲ್ಲಿಸುತ್ತೇನೆ, ಸೊರಬದಲ್ಲಿ ಆಗ ನಸುಕಿನ ಐದು ಗಂಟೆ. "ಕಿವಿ ಹಿಂದೆ ನೋಡಿದ್ಯಾ? ಆ ಕಡೆದೂ ನೋಡು" ಅನ್ನುತ್ತಾರೆ. ನಾನು ಜಡೆ ಬಿಚ್ಚುತ್ತೇನೆ. ಒಂದು ಹಳದಿ ಎಲೆಯ ಚೂರು ಟೈಲ್ಸಿನ ಮೇಲೆ ಬೀಳುತ್ತದೆ, ಮಗಳು ಅದನ್ನೆತ್ತಿ ಫೋನಿಗೆ ಹಿಡಿದು "ಅಜ್ಜಿ, ಇದು ನಿಂಗೆ" ಅನ್ನುತ್ತಾಳೆ.